ಹಳೆಯ ಕಾರಿಗೆ ಹೆಚ್ಚುವರಿ ಫ್ಯೂಸ್ ಬಾಕ್ಸ್: ಪರೀಕ್ಷೆಗೆ ಮುಖ್ಯಾಂಶಗಳು

ಉದಾಹರಣೆಗೆ ತೆಗೆದುಕೊಂಡ ಕಾರು: ಎಂಜಿಬಿ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಒಟ್ಟು 5 ಲಕ್ಷಕ್ಕೂ ಹೆಚ್ಚು. ವಿದ್ಯುತ್ ಸಾಮಾನು ಲೂಕಾಸ್ ಕಂಪನಿಯದು. ಇದರ 1798 ಸಿಸಿ ಎಂಜಿನ್ ಬಿಎಂಸಿಯ ಬಿ-ಸರಣಿಯದು. ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಕೂಡ ಅದೇ ಕುಟುಂಬ.

ಮೂಲ ವ್ಯವಸ್ಥೆ
- ಆರಂಭದ ಎಂಜಿಬಿಗಳಲ್ಲಿ ಇದ್ದದ್ದು ಎರಡೇ ಫ್ಯೂಸ್. ಒಂದು ಹಾರ್ನ್‌ನಂಥ, ಸದಾ ಕರೆಂಟು ಸಿಗುವ ಸಾಧನಗಳಿಗೆ, ಇನ್ನೊಂದು ಕೀಲಿ ತಿರುಗಿಸಿದಾಗ ಮಾತ್ರ ಚಾಲೂ ಆಗುವವಕ್ಕೆ.
- ಈ ಎರಡನೆಯದರ ಮೇಲೇ ಬ್ರೇಕ್ ಲೈಟ್, ಇಂಡಿಕೇಟರ್, ವೈಪರ್, ಹೀಟರ್ ಫ್ಯಾನ್, ಪೆಟ್ರೋಲ್ ಮಾಪಕ ಎಲ್ಲದರ ಭಾರ. ಮಳೆಯಲ್ಲಿ ವೈಪರ್ ವೈರ್ ಶಾರ್ಟ್ ಆದರೆ ಬ್ರೇಕ್ ಲೈಟೂ ಹೋಗುತ್ತದೆ. ಹೆಚ್ಚುವರಿ ಬಾಕ್ಸ್ ಏಕೆ ಬೇಕು ಎಂದು ಕೇಳಿದರೆ ಈ ಒಂದು ಉದಾಹರಣೆ ಸಾಕು.
- ಹೆಡ್‌ಲೈಟ್, ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪ್‌ಗಳಿಗೆ ಫ್ಯೂಸೇ ಇಲ್ಲ. ಆಮೇಲಿನ ಮಾದರಿಗಳಿಗೆ ನಾಲ್ಕು ಫ್ಯೂಸ್ ಬಂದವು. ಸೇರಿದ ಎರಡು ಸೈಡ್ ಲ್ಯಾಂಪ್, ಟೇಲ್ ಲ್ಯಾಂಪ್‌ಗಳಿಗೆ ಹೋದವು. ಹೆಡ್‌ಲೈಟ್ ಹಾಗೆಯೇ ಉಳಿಯಿತು.

ವೈರಿನ ಬಣ್ಣ
ಬ್ರಿಟಿಷ್ ಮಾನಕ ಎಯು 7. ಕಂದು: ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲ. ನೇರಳೆ: ಸದಾ ಚಾಲೂ, ಫ್ಯೂಸ್ ಉಂಟು. ಬಿಳಿ: ಇಗ್ನಿಷನ್ ಸ್ವಿಚ್‌ನಿಂದ, ಫ್ಯೂಸ್ ಇಲ್ಲ. ಹಸಿರು: ಇಗ್ನಿಷನ್ ಮೂಲಕ, ಫ್ಯೂಸ್ ಉಂಟು. ನೀಲಿ ಹೆಡ್‌ಲೈಟ್‌ಗೆ (ಬಿಳಿ ಗೆರೆ ಹೈ ಬೀಮ್, ಕೆಂಪು ಗೆರೆ ಡಿಪ್), ಕೆಂಪು ಸೈಡ್ ಲ್ಯಾಂಪ್‌ಗೆ, ಕಪ್ಪು ಅರ್ಥ್‌ಗೆ. ಬಿಳಿ-ಹಸಿರು, ಕಂದು-ನೇರಳೆ ಜೋಡಿಗಳನ್ನು ಒಟ್ಟಿಗೆ ನೆನಪಿಡಿ: ಫ್ಯೂಸ್ ದಾಟಿದ ಮೇಲೆ ಬಣ್ಣ ಬದಲಾಗುತ್ತದೆ.

35 ಆಂಪಿಯರ್ ಎಂಬ ಬಲೆ
ಅತಿ ಹೆಚ್ಚು ಜನ ಎಡವುವ ಜಾಗ ಇದು. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಗ್ಯಾರೇಜಿನಲ್ಲಿ ಕಾರೇ ಹೋಗುತ್ತದೆ. ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಕರೆಂಟು. ನಿರಂತರವಾಗಿ ತಾಳುವುದು 17 ಆಂಪಿಯರ್ ಮಾತ್ರ. ಈಗಿನ ಬ್ಲೇಡ್ ಫ್ಯೂಸಿನ ಮೇಲಿರುವ ಅಂಕಿ ನಿರಂತರ ಸಾಮರ್ಥ್ಯದ್ದು. ಅಂದರೆ ಹಳೆಯ 35ರ ಜಾಗಕ್ಕೆ 35ರ ಬ್ಲೇಡ್ ಹಾಕಿದರೆ ರಕ್ಷಣೆ ಅರ್ಧಕ್ಕೆ ಇಳಿಯಿತು: ಫ್ಯೂಸ್ ಗಟ್ಟಿಯಾಗಿ ಕೂತಿರುತ್ತದೆ, ವೈರ್ ಸುಡುತ್ತದೆ. ಸರಿಯಾದ ಬದಲಿ 15 ಅಥವಾ 20. ಸಾಧನಗಳನ್ನು ಬಿಡಿಬಿಡಿಯಾಗಿ ಹಂಚಿದ ಮೇಲೆ ಇನ್ನೂ ಕಡಿಮೆ ಸಾಕು.

ಫ್ಯೂಸ್ ಕಾಯುವುದು ವೈರನ್ನು, ಸಾಧನವನ್ನಲ್ಲ. ಆದ್ದರಿಂದ ಮೊದಲು ವೈರಿನ ದಪ್ಪ ನೋಡಿ, ಆಮೇಲೆ ಫ್ಯೂಸ್ ಆರಿಸಿ. ಹಳೆಯ ಪಿವಿಸಿ ಹೊದಿಕೆಯ ವೈರಿನಲ್ಲಿ 0.30 ಮಿ.ಮೀ. ದಪ್ಪದ ಎಳೆಗಳ ಲೆಕ್ಕ ಹೀಗೆ: 14 ಎಳೆ (1 ಚ.ಮಿ.ಮೀ.) 8.75 ಆಂಪಿಯರ್, 28 ಎಳೆ (2 ಚ.ಮಿ.ಮೀ.) 17.5, 44 ಎಳೆ (3 ಚ.ಮಿ.ಮೀ.) 27.5. 14 ಎಳೆಯ ವೈರಿಗೆ 15ರ ಫ್ಯೂಸ್ ಎಂದು ಬರೆದರೆ ಉತ್ತರ ತಪ್ಪು, 7.5 ಸರಿ.

ಲೆಕ್ಕ
ಕರೆಂಟು = ವ್ಯಾಟ್ ÷ ವೋಲ್ಟ್. 55 ವ್ಯಾಟಿನ ಎರಡು ಫಾಗ್ ಲ್ಯಾಂಪ್: 110 ÷ 12 = ಸುಮಾರು 9.2 ಆಂಪಿಯರ್. ಭಾರವು ಫ್ಯೂಸಿನ ಅಂಕಿಯ ಮುಕ್ಕಾಲು ಭಾಗದ ಒಳಗಿರಲಿ. 10 ಬಿಗಿಯಾಯಿತು, 15 ಸರಿ, ಅದಕ್ಕೆ 28 ಎಳೆಯ ವೈರ್.

ಬ್ಲೇಡ್ ಫ್ಯೂಸ್ ಬಣ್ಣ: 5 ತಿಳಿಗಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಣ್ಣವಿಲ್ಲದ್ದು, 30 ಹಸಿರು.

ಜೋಡಣೆ
- ಮೊದಲು ಬ್ಯಾಟರಿಯ ಅರ್ಥ್ ಕ್ಲಾಂಪ್ ಬಿಚ್ಚಬೇಕು. 1967ಕ್ಕೆ ಮುಂಚಿನ ಎಂಜಿಬಿ ಪಾಸಿಟಿವ್ ಅರ್ಥ್. ಅಲ್ಲಿ ಬಿಚ್ಚಬೇಕಾದ್ದು ಪ್ಲಸ್. ಕಣ್ಣುಮುಚ್ಚಿ ಮೈನಸ್ ಎಂದು ಬರೆಯಬೇಡಿ.
- ಬ್ಯಾಟರಿ ಸೀಟಿನ ಹಿಂದೆ ಇದೆ (ಹಳೆಯವುಗಳಲ್ಲಿ 6 ವೋಲ್ಟಿನ ಎರಡು). ದಪ್ಪ ಕೇಬಲ್ ಮುಂದೆ ಸ್ಟಾರ್ಟರ್ ಸೊಲೆನಾಯ್ಡ್‌ಗೆ ಬರುತ್ತದೆ. ಹೊಸ ಬಾಕ್ಸ್‌ಗೆ ಕರೆಂಟು ತೆಗೆಯುವುದು ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿನಿಂದ. ಅಲ್ಲಿಗೆ ಆದಷ್ಟು ಹತ್ತಿರದಲ್ಲೇ ಮುಖ್ಯ ಫ್ಯೂಸ್. 44 ಎಳೆಯ ವೈರಿಗೆ 25 ಆಂಪಿಯರ್.
- ಕೀಲಿಯಿಂದ ಚಾಲೂ ಆಗಬೇಕಾದವಕ್ಕೆ ನಡುವೆ ರಿಲೇ. ಅದರ ಟರ್ಮಿನಲ್ ಸಂಖ್ಯೆಗಳು ಹೀಗೆ. 30: ಮುಖ್ಯ ಫ್ಯೂಸಿನಿಂದ ಒಳಗೆ. 87: ಫ್ಯೂಸ್ ಬಾಕ್ಸಿಗೆ. 85, 86: ಕಾಯಿಲ್; ಒಂದಕ್ಕೆ ಬಿಳಿ ವೈರ್, ಇನ್ನೊಂದಕ್ಕೆ ಅರ್ಥ್. ಹಳೆಯ ಇಗ್ನಿಷನ್ ಸ್ವಿಚ್ ಮೇಲೆ ಬೀಳುವುದು ರಿಲೇ ಕಾಯಿಲಿನ ಅಲ್ಪ ಕರೆಂಟು ಮಾತ್ರ.
- ಫ್ಯೂಸಿಗೆ ಪ್ಲಸ್-ಮೈನಸ್ ಭೇದವಿಲ್ಲ. ಒಳಗೆ ಡಯೋಡ್ ಇರುವ ರಿಲೇಗೆ ಇದೆ.
- ಎಡ-ಬಲ ಹೆಡ್‌ಲೈಟಿಗೆ ಬೇರೆ ಬೇರೆ ಫ್ಯೂಸ್, ಹೈ ಮತ್ತು ಡಿಪ್‌ಗೂ ಬೇರೆ: ಒಟ್ಟು 4. ಒಂದು ಹೋದರೂ ರಸ್ತೆ ಪೂರ್ತಿ ಕತ್ತಲಾಗದು.
- ಪೆಟ್ರೋಲ್ ಪಂಪಿನ ವೈರ್ ಕಾರಿನ ಹಿಂಬದಿವರೆಗೆ ಹೋಗುತ್ತದೆ, ಅದಕ್ಕೆ ಫ್ಯೂಸ್ ಹಾಕಲೇಬೇಕು. ಇಗ್ನಿಷನ್ ಕಾಯಿಲ್ ವಿಷಯದಲ್ಲಿ ಎರಡು ಅಭಿಪ್ರಾಯ; ಓಡುವಾಗ ಎಂಜಿನ್ ನಿಲ್ಲಬಾರದೆಂದು ಮೂಲದಲ್ಲಿದ್ದಂತೆ ಬಿಡುವುದೇ ನನಗೆ ಸರಿ ಕಾಣುತ್ತದೆ.

ಲಾಭ ಎಷ್ಟು, ಎಲ್ಲಿಯವರೆಗೆ
ರಿಲೇ ಮತ್ತು ದಪ್ಪ ವೈರ್ ಹಾಕಿದರೆ ಹೆಡ್‌ಲೈಟ್ ಬೆಳಗುವುದು ನಿಜ. ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಶೇ. 30ರಷ್ಟು ಕುಸಿಯುತ್ತದೆ, ಆ ನಷ್ಟ ತಪ್ಪುತ್ತದೆ. ಆದರೆ ಫ್ಯೂಸ್ ಬಾಕ್ಸ್ ಕರೆಂಟನ್ನು ಹಂಚುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಹಳೆಯ ಲೂಕಾಸ್ ಸಿ40 ಡೈನಮೋ ಕೊಡುವುದು 22 ಆಂಪಿಯರ್, ಅದೂ ಎಂಜಿನ್ ವೇಗ ಹಿಡಿದಾಗ. 60 ವ್ಯಾಟಿನ ಎರಡು ಹೆಡ್‌ಲೈಟಿಗೇ 10 ಹೋಯಿತು. ವೈಪರ್, ಹೀಟರ್, ಕಾಯಿಲ್, ಟೇಲ್ ಲ್ಯಾಂಪ್ ಸೇರಿಸಿ ನೋಡಿ. ಖಾಲಿ ಫ್ಯೂಸ್ ಸ್ಲಾಟ್ ಕಂಡಾಕ್ಷಣ ಫಾಗ್ ಲ್ಯಾಂಪ್ ಸೇರಿಸಿದರೆ ಬ್ಯಾಟರಿ ಬರಿದಾಗುತ್ತದೆ. 1967ರಿಂದ ಬಂದ ಆಲ್ಟರ್ನೇಟರ್ (16ಎಸಿ) 34 ಆಂಪಿಯರ್ ಕೊಡುತ್ತದೆ.

ಪರೀಕ್ಷಿಸುವ ಕ್ರಮ
ಪ್ರತಿ ಫ್ಯೂಸಿನ ಜಾಗದಲ್ಲಿ ಮೊದಲು 12 ವೋಲ್ಟ್, 21 ವ್ಯಾಟಿನ ಬಲ್ಬನ್ನು ಸರಣಿಯಲ್ಲಿ ಜೋಡಿಸಿ, ಸಾಧನದ ಸ್ವಿಚ್ ಆಫ್ ಇಡಿ. ಬಲ್ಬ್ ಪೂರ್ತಿ ಉರಿದರೆ ಆ ಸಾಲು ಶಾರ್ಟ್ ಆಗಿದೆ. ಹರಿಯುವುದು 1.75 ಆಂಪಿಯರ್ ಮಾತ್ರ, ವೈರಿಗೆ ಅಪಾಯವಿಲ್ಲ.

ಕಾನೂನು
2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನ ವಿಂಟೇಜ್. ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಅಕ್ಷರ. ಚೆಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗಿರಬಾರದು. ಫ್ಯೂಸ್ ಬಾಕ್ಸ್ ಈ ಮೂರರಲ್ಲಿ ಯಾವುದೂ ಅಲ್ಲ. ಆದರೂ ಬಾಡಿಗೆ ಹೊಸ ತೂತು ಕೊರೆಯದೆ, ಇರುವ ಸ್ಕ್ರೂ ತೂತಿಗೇ ಪಟ್ಟಿ ಕೊಟ್ಟು ಕೂರಿಸುವುದು ಒಳ್ಳೆಯ ಕೆಲಸಗಾರರ ರೂಢಿ. ಬೇಡವೆನಿಸಿದ ದಿನ ಬಿಚ್ಚಿ ಮೂಲ ವೈರಿಂಗ್‌ಗೆ ಮರಳಬಹುದು.