ಎಕ್ಸ್‌ರೇ ಸರಿ ಇದೆ ಅಂದೆಯಲ್ಲ ಮಾಣಿ

ಮಾಣಿ, ಮೊನ್ನೆ ಮೂಡುಗಲ್ಲಿಗೆ ಹೋಗುವಾಗ ನೀನು ದಾರಿಯಲ್ಲಿ ಎರಡು ಸಲ ನಿಂತೆ. ಚಪ್ಪಲಿಯ ಬಾರು ಸರಿಮಾಡುವ ನೆಪ. ಮೂವತ್ತು ವರ್ಷ ಬೀಡಿ ಸೇದಿದವನಿಗೆ ಆ ನೆಪ ಗೊತ್ತಾಗದೆ ಇರುತ್ತದೆಯೇ? ಕೇಳಿದ್ದಕ್ಕೆ, "ದೊಡ್ಡಪ್ಪ, ಎಕ್ಸ್‌ರೇ ತೆಗೆಸಿ ಆಯ್ತ್, ಎಂತದೂ ಇಲ್ಲ ಅಂದ್ರ್" ಎಂದೆ. ಅದಕ್ಕೇ ಇಷ್ಟು ಹೇಳಬೇಕಾಯಿತು.

ನನ್ನ ಅಬ್ಬಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುವುದನ್ನು ನೋಡುತ್ತಲೇ ಬೆಳೆದವ ನಾನು. ಸಿಗರೇಟಿಗಿಂತ ಬೀಡಿ ಸಾಧು ಅಂತ ಆಗಿನ ನಂಬಿಕೆ. ಬೀಡಿಯ ಎಲೆ ಸಲೀಸಾಗಿ ಉರಿಯುವುದಿಲ್ಲ. ಆರದ ಹಾಗೆ ಮತ್ತೆ ಮತ್ತೆ ದಮ್ಮು ಎಳೆಯಬೇಕು. ಸಾಧುವೂ ಇಲ್ಲ, ಮಣ್ಣೂ ಇಲ್ಲ.

ನನ್ನ ಎಕ್ಸ್‌ರೇಯೂ ಸರಿಯೇ ಇತ್ತು. ಕೊಳವೆಗೆ ಜೋರಾಗಿ ಊದಿಸುತ್ತಾರಲ್ಲ, ಸ್ಪೈರೊಮೆಟ್ರಿ, ಅದರಲ್ಲೂ ಪಾಸು. ಕೆಮ್ಮು ಮಾತ್ರ ಬಿಡಲಿಲ್ಲ. ಕಡೆಗೆ ಡಾಕ್ಟರು ಸಿಟಿ ಸ್ಕ್ಯಾನಿಗೆ ಬರೆದರು. ಮಲಗಿಸಿ, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದು ಒಂದು ಚಿತ್ರ. "ಪೂರ್ತಿ ಬಿಡಿ, ಹಾಗೇ ಇರಿ" ಎಂದು ಇನ್ನೊಂದು. ಎರಡನೆಯದು ಕೆಲವೇ ಸೆಕೆಂಡು, ನನಗೆ ಮಾತ್ರ ಜೀವ ಹೋಗಿ ಬಂತು.

ಡಾಕ್ಟರು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಚಿತ್ರದಲ್ಲಿ ಗಾಳಿ ಕಪ್ಪು. ಉಸಿರು ಬಿಟ್ಟ ಮೇಲೆ ಶ್ವಾಸಕೋಶ ಬೂದುಬಣ್ಣಕ್ಕೆ ತಿರುಗಬೇಕು. ನನ್ನದರಲ್ಲಿ ಅಲ್ಲಲ್ಲಿ ಕಪ್ಪು ಹಾಗೇ ಉಳಿದಿತ್ತು. ಗದ್ದೆಯ ನೀರು ಬಿಟ್ಟ ಮೇಲೂ ಕೆಲವು ತಗ್ಗಲ್ಲಿ ನಿಂತೇ ಇರುತ್ತದಲ್ಲ, ಹೊರಬಾಯಿಗೆ ಕಸ ಕಟ್ಟಿ, ಹಾಗೆ. ನಮಗೆ ಕಸ ಕಟ್ಟಿದ್ದು 2 ಮಿಲಿಮೀಟರಿಗಿಂತ ಸಪೂರದ ಶ್ವಾಸನಾಳಗಳಲ್ಲಿ. ಅಷ್ಟು ಸಣ್ಣದು ಸಿಟಿಗೂ ನೇರ ಕಾಣುವುದಿಲ್ಲ. ಹಿಂದೆ ಸಿಕ್ಕಿಬಿದ್ದ ಗಾಳಿಯನ್ನು ನೋಡಿ ನಾಳ ಕೆಟ್ಟಿದೆ ಅಂತ ಲೆಕ್ಕ ಹಾಕುವುದು. ನನಗೆ ಈ ಉಪಾಯ ಬಹಳ ಹಿಡಿಸಿತು, ಹೊಗೆ ನನ್ನದೇ ಆದರೂ.

ಆ ನಾಳಗಳು ಲೆಕ್ಕವಿಲ್ಲದಷ್ಟಿವೆ; ಎಷ್ಟೋ ಮುಚ್ಚಿಹೋಗುವವರೆಗೆ ಊದುವ ಪರೀಕ್ಷೆಗೆ ಸುದ್ದಿಯೇ ಮುಟ್ಟುವುದಿಲ್ಲ. ಅಮೆರಿಕದಲ್ಲಿ 2007ರ ಹೊತ್ತಿಗೆ ಶುರುವಾದ ಸಿಒಪಿಡಿಜೀನ್ ಅಧ್ಯಯನದಲ್ಲಿ 10,000ಕ್ಕೂ ಹೆಚ್ಚು ಜನರಿಗೆ ಹೀಗೆಯೇ ಉಸಿರು ಎಳೆಸಿ, ಬಿಡಿಸಿ ಸಿಟಿ ತೆಗೆದರು. ಹೆಚ್ಚಿನವರು ಸೇದಿದವರೇ. ಊದುವ ಪರೀಕ್ಷೆಯಲ್ಲಿ ಪಾಸಾದ ಧೂಮಪಾನಿಗಳಲ್ಲೂ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಗಾಳಿಗೂಡು ಹಾಳಾದದ್ದೋ ಶ್ವಾಸನಾಳದ ಗೋಡೆ ದಪ್ಪಗಾದದ್ದೋ ಸಿಟಿಯಲ್ಲಿ ಸಿಕ್ಕಿತು. ನಿನ್ನ "ಎಂತದೂ ಇಲ್ಲ" ಎಂಬ ಮಾತಿನ ಬೆಲೆ ಅಷ್ಟೇ.

ಹಾಗಂತ ನಾಳೆ ಬೆಳಿಗ್ಗೆ ಬಸ್ಸು ಹತ್ತಿ ಸಿಟಿ ಮಾಡಿಸಿಕೊಂಡು ಬರಬೇಡ. ಎಕ್ಸ್‌ರೇಗಿಂತ ಅದರ ವಿಕಿರಣ ಎಷ್ಟೋ ಪಾಲು ಹೆಚ್ಚು. ನಿನ್ನ ಪ್ರಾಯಕ್ಕೆ ಬೇಕೋ ಬೇಡವೋ ಡಾಕ್ಟರು ಹೇಳಲಿ. ನೀನು ಡಾಕ್ಟರಿಗೆ ಹೇಳಬೇಕಾದದ್ದು ಬೇರೆ ಇದೆ: ದಿನಕ್ಕೆ ಎಷ್ಟು ಸೇದುತ್ತಿ, ಎಷ್ಟು ವರ್ಷದಿಂದ, ಬೆಳಿಗ್ಗೆ ಕಫ ಬರುತ್ತದೆಯೋ. ಎಕ್ಸ್‌ರೇ ತೆಗೆಸುವಾಗ ಇದನ್ನೆಲ್ಲ ಮುಚ್ಚಿಟ್ಟಿದ್ದಿ ಅಂತ ನನ್ನ ಅಂದಾಜು. ನಾನೂ ಮುಚ್ಚಿಟ್ಟಿದ್ದೆ, ಅರ್ಧಕ್ಕರ್ಧ ಕಡಿಮೆ ಹೇಳಿದ್ದೆ.

ಸೇದುವುದು ಬಿಟ್ಟರೆ ಕಳೆದುಹೋದ ಉಸಿರು ತಿರುಗಿ ಬರುತ್ತದೆ ಅಂತ ಸುಳ್ಳು ಹೇಳಲಾರೆ. ಸೋರುವುದು ನಿಧಾನವಾಗುತ್ತದೆ. ಲಂಡನ್ನಿನ ಗಂಡಸರನ್ನು ವರ್ಷಗಟ್ಟಲೆ ನೋಡಿ ಫ್ಲೆಚರ್, ಪೀಟೊ ಎಂಬಿಬ್ಬರು 1977ರಲ್ಲೇ ಇದನ್ನು ಹೇಳಿದ್ದಾರೆ. ನಾನು ಬಿಟ್ಟದ್ದು ಐವತ್ತು ದಾಟಿದ ಮೇಲೆ. ನಿನಗೆ ಇನ್ನೂ ಇಪ್ಪತ್ತಾರು. ಒಬ್ಬನಿಂದಲೇ ಆಗದಿದ್ದರೆ 1800112356ಕ್ಕೆ ಫೋನು ಮಾಡು. ಸರ್ಕಾರದ್ದು, ದುಡ್ಡಿಲ್ಲ.

ಬರುವ ಭಾನುವಾರ ಮತ್ತೆ ಮೂಡುಗಲ್ಲಿಗೆ ಹೋಗುವ. ನಾನಂತೂ ನಡುದಾರಿಯಲ್ಲಿ ನಿಂತೇ ನಿಲ್ಲುತ್ತೇನೆ. ನಿನಗೂ ನಿಲ್ಲಬೇಕು ಅನ್ನಿಸಿದರೆ ನಿಲ್ಲು, ಚಪ್ಪಲಿಯ ಸುದ್ದಿ ಮಾತ್ರ ಬೇಡ.