ಹೊಸ ಕಾರಿನ ಕೊಟೇಶನ್ ಓದುವುದು ಹೇಗೆ?

ವ್ಯವಹಾರ ಅಧ್ಯಯನದ ಮಾರ್ಕೆಟಿಂಗ್ ಪಾಠದಲ್ಲಿ ಬೆಲೆಯ ಬಗ್ಗೆ ನಾವೆಲ್ಲ ಓದಿದ್ದೇವೆ. ಪರೀಕ್ಷೆಗೆ ಐದಾರು ಅಂಶ ಬರೆದು ಅಂಕ ತೆಗೆದುಕೊಳ್ಳುತ್ತೇವೆ. ಆದರೆ ಆ ಪಾಠ ಓದಿದ ಮೇಲೂ ಬೆಲೆ ಎಂದರೆ ಒಂದೇ ಒಂದು ಸಂಖ್ಯೆ ಎಂಬ ಭಾವನೆ ಹೋಗುವುದಿಲ್ಲ. ಸೋಪಿಗೆ, ಬಿಸ್ಕತ್ತಿಗೆ ಅದು ಸರಿ. ಪೊಟ್ಟಣದ ಮೇಲೆ ಎಂಆರ್‌ಪಿ ಇರುತ್ತದೆ, ಅದಕ್ಕಿಂತ ಹೆಚ್ಚು ಕೇಳಿದರೆ ಜಗಳ ಮಾಡಬಹುದು. ಕಾರಿನ ಗಾಜಿನ ಮೇಲೆ ಎಂಆರ್‌ಪಿ ಚೀಟಿ ಅಂಟಿಸಿರುವುದಿಲ್ಲ. ಅಲ್ಲಿ ಬೆಲೆ ಎನ್ನುವುದು ಏಳೆಂಟು ಸಾಲುಗಳ ಒಂದು ಪಟ್ಟಿ. ಕೆಲವು ಸಾಲು ಸರ್ಕಾರದ್ದು, ಕೆಲವು ಕಂಪನಿಯದ್ದು, ಉಳಿದವು ಶೋರೂಮಿನವರದ್ದು. ಯಾವ ಸಾಲು ಯಾರದ್ದು ಎಂದು ಗುರುತಿಸುವುದೇ ಈ ಲೇಖನದ ವಿಷಯ.

ನನಗೆ ಇದರ ಪ್ರಯೋಗಪಾಠ ಆದದ್ದು ಹೊಸದುರ್ಗದ ನನ್ನ ಮಾಮು ಕಾರು ಕೊಳ್ಳಲು ಹೊರಟಾಗ. ಮಾಮು ತೆಂಗಿನಕಾಯಿ ವ್ಯಾಪಾರಿ. ನಾನಿಯನ್ನು ತಿಂಗಳಿಗೆ ಮೂರ್ನಾಲ್ಕು ಸಲ ಚಿತ್ರದುರ್ಗದ ಆಸ್ಪತ್ರೆಗೆ ಕರೆತರಬೇಕು. ಹೊಳಲ್ಕೆರೆ ದಾರಿಯ ಬಸ್ಸಿನಲ್ಲಿ ಸೀಟು ಸಿಗದ ದಿನ ನಾನಿ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಮಾತನಾಡುವ ಶಕ್ತಿಯನ್ನೂ ಕಳೆದುಕೊಂಡಿರುತ್ತಾರೆ. ಅದಕ್ಕಾಗಿ ಮಾಮು ಆರು ವರ್ಷದಿಂದ ಹಣ ಕೂಡಿಸಿದ್ದರು. ಬಡ್ಡಿ ಸಾಲ ಬೇಡ ಎಂಬುದು ನಮ್ಮ ಮನೆಯ ನಿಯಮ. ಆದ್ದರಿಂದ ಕೈಯಲ್ಲಿದ್ದಷ್ಟರಲ್ಲೇ ಮುಗಿಯಬೇಕು. "ಹಿಸಾಬ್ ನೀನು ನೋಡು, ಮಾತು ನಾನು ಆಡ್ತೀನಿ" ಎಂದು ನನ್ನನ್ನೂ ಕರೆದುಕೊಂಡು ಹೋದರು. ಕಳೆದ ದೀಪಾವಳಿಯ ಆಫರ್‌ಗಳು ನಡೆಯುತ್ತಿದ್ದ ಸಮಯ ಅದು.

ಮೊದಲ ಶೋರೂಮಿನಲ್ಲಿ ಕೊಟ್ಟ ಕೊಟೇಶನ್ ಹೀಗಿತ್ತು. (ಲೆಕ್ಕ ಸುಲಭವಾಗಲೆಂದು ಚಿಲ್ಲರೆ ಬಿಟ್ಟು ಹತ್ತಿರದ ಸಂಖ್ಯೆಗೆ ತಂದಿದ್ದೇನೆ.) ಎಕ್ಸ್ ಶೋರೂಮ್ ಬೆಲೆ 5,90,000 ರೂ. ಆರ್‌ಟಿಒ 1,02,000. ವಿಮೆ 34,000. ಹ್ಯಾಂಡ್ಲಿಂಗ್ ಚಾರ್ಜ್ 7,500. 'ಎಸೆನ್ಷಿಯಲ್ ಕಿಟ್' 14,800. ಹೆಚ್ಚುವರಿ ವಾರಂಟಿ 9,500. ಫಾಸ್ಟ್ಯಾಗ್ 600. ಒಟ್ಟು 7,58,400. ಅದರಲ್ಲಿ 'ಹಬ್ಬದ ರಿಯಾಯಿತಿ' 15,000 ಕಳೆದು ಆನ್ ರೋಡ್ ಬೆಲೆ 7,43,400 ರೂ. ರಿಯಾಯಿತಿಯ ಸಾಲನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದರು.

ಈಗ ಒಂದೊಂದೇ ಸಾಲು ನೋಡೋಣ.

ಎಕ್ಸ್ ಶೋರೂಮ್ ಬೆಲೆಯೊಳಗೇ ಜಿಎಸ್‌ಟಿ ಇರುತ್ತದೆ. 2025ರ ಸೆಪ್ಟೆಂಬರ್ 22ರವರೆಗೆ ಸಣ್ಣ ಪೆಟ್ರೋಲ್ ಕಾರಿಗೆ, ಅಂದರೆ 4 ಮೀಟರ್ ಉದ್ದ ಮತ್ತು 1200 ಸಿಸಿ ಮೀರದ ಕಾರಿಗೆ, 28% ಜಿಎಸ್‌ಟಿ ಮತ್ತು 1% ಸೆಸ್ ಇತ್ತು. ಆ ದಿನದಿಂದ ಅದು 18% ಆಯಿತು, ಸೆಸ್ ಹೋಯಿತು. ತೆರಿಗೆ ಇಲ್ಲದ ಮೂಲ ಬೆಲೆ 5,00,000 ರೂ. ಎಂದು ಇಟ್ಟುಕೊಂಡರೆ ಹಿಂದೆ 6,45,000 ಆಗುತ್ತಿದ್ದದ್ದು ಈಗ 5,90,000. ಇಳಿಕೆ 55,000. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕರ್ನಾಟಕದ ಜೀವಾವಧಿ ತೆರಿಗೆ, ಜನರ ಬಾಯಲ್ಲಿ ಲೈಫ್ ಟ್ಯಾಕ್ಸ್, ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಬೀಳುತ್ತದೆ. 5 ಲಕ್ಷದವರೆಗಿನ ಕಾರಿಗೆ 13%, 5ರಿಂದ 10 ಲಕ್ಷಕ್ಕೆ 14%, 10ರಿಂದ 20 ಲಕ್ಷಕ್ಕೆ 17%, ಅದರ ಮೇಲೆ 18%. ಈ ತೆರಿಗೆಯ ಮೇಲೆ ಮತ್ತೆ 11% ಸೆಸ್. ಹಾಗಾಗಿ 14% ಎನ್ನುವುದು ನಿಜದಲ್ಲಿ 15.54%. ತೆರಿಗೆಯ ಮೇಲೆ ತೆರಿಗೆ, ಅದರ ಮೇಲೆ ಸೆಸ್! ಇದರಿಂದ ಒಂದು ಲಾಭವೂ ಇದೆ: ಜಿಎಸ್‌ಟಿ ಇಳಿದಾಗ ಲೈಫ್ ಟ್ಯಾಕ್ಸ್ ತಾನಾಗಿಯೇ ಇಳಿಯುತ್ತದೆ. 6,45,000ಕ್ಕೆ 1,00,233 ಆಗುತ್ತಿದ್ದದ್ದು 5,90,000ಕ್ಕೆ 91,686. ಇನ್ನೂ 8,547 ರೂಪಾಯಿ ಉಳಿತಾಯ.

ಈಗ ಕೊಟೇಶನ್ನಿನ ಎರಡನೇ ಸಾಲಿಗೆ ಬನ್ನಿ. ಲೈಫ್ ಟ್ಯಾಕ್ಸ್ 91,686. ನೋಂದಣಿ ಶುಲ್ಕ ಕಾರಿಗೆ 600, ಸ್ಮಾರ್ಟ್ ಕಾರ್ಡ್‌ಗೆ 200. ಸೇರಿಸಿದರೆ 92,486. ಇತ್ತೀಚೆಗೆ ಸೇರಿದ ಸಣ್ಣಪುಟ್ಟ ಸೆಸ್‌ಗಳಿಗೆ ಸಾವಿರ ಬಿಟ್ಟರೂ 93,500 ದಾಟುವುದಿಲ್ಲ. ಶೋರೂಮಿನವರು ಬರೆದದ್ದು 1,02,000. ನಡುವಿನ 8,500 ಯಾವುದಕ್ಕೆ ಎಂದು ಕೇಳಿದೆ. "ಅದು ಆರ್‌ಟಿಒ ಖರ್ಚಮ್ಮಾ, ಎಲ್ಲರೂ ಕೊಡ್ತಾರೆ" ಎಂದರು. "ವಾಹನ್ ಪೋರ್ಟಲ್ಲಿನ ರಸೀದಿ ಕೊಡ್ತೀರಾ? ಅದರಲ್ಲಿರುವಷ್ಟು ಪೂರ್ತಿ ಕೊಡ್ತೀವಿ" ಎಂದು ಮಾಮು ಹೇಳಿದರು. ಸರ್ಕಾರಕ್ಕೆ ಕಟ್ಟಿದ ಪ್ರತಿ ರೂಪಾಯಿಗೂ ಅಲ್ಲಿ ರಸೀದಿ ಹುಟ್ಟುತ್ತದೆ. ಇದೊಂದು ಪ್ರಶ್ನೆಯನ್ನು ನೀವು ನೆನಪಿಟ್ಟುಕೊಂಡರೆ ಸಾಕು, ಆರ್‌ಟಿಒ ಸಾಲಿನ ವಾದ ಅರ್ಧ ಮುಗಿಯುತ್ತದೆ.

ಹ್ಯಾಂಡ್ಲಿಂಗ್ ಚಾರ್ಜ್ ಎಂಬುದು ಸರ್ಕಾರದ ಶುಲ್ಕವಲ್ಲ. ಕಂಪನಿಯ ಅಂಗಳದಿಂದ ಶೋರೂಮಿಗೆ ಗಾಡಿ ತರಿಸುವುದು, ತೊಳೆಯುವುದು, ನಿಲ್ಲಿಸಿಕೊಳ್ಳುವುದು ಮಾರಾಟಗಾರನ ವ್ಯವಹಾರದ ಖರ್ಚು. ನಾವು ಲೆಕ್ಕಶಾಸ್ತ್ರದಲ್ಲಿ ಅದನ್ನು ಮಾರಾಟಗಾರನ ಪುಸ್ತಕದ ಖರ್ಚಿನ ಬದಿಗೆ ಬರೆಯುತ್ತೇವೆ. ಗ್ರಾಹಕನಿಗೆ ಬೇರೆ ಸಾಲಾಗಿ ತೋರಿಸಿದರೆ ಅದಕ್ಕೆ ಸಿಕ್ಕುವ ಸೇವೆ ಯಾವುದೆಂದು ಕೇಳುವ ಹಕ್ಕು ಅವನಿಗಿದೆ. (ಖರ್ಚು, ಜಮಾ, ಬಾಕಿ, ರಸೀದಿ ಇವೆಲ್ಲ ನಮ್ಮ ಮನೆಮಾತಿನಲ್ಲೂ ಇರುವುದರಿಂದ ಲೆಕ್ಕಶಾಸ್ತ್ರದ ತರಗತಿ ನನಗೆ ಮೊದಲ ದಿನದಿಂದ ಪರಕೀಯ ಅನಿಸಲಿಲ್ಲ!)

ವಿಮೆಯಲ್ಲಿ ಎರಡು ಭಾಗ. ಮೂರನೇ ವ್ಯಕ್ತಿಗೆ ಆಗುವ ಹಾನಿಯ ವಿಮೆ ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಕಂತನ್ನು ಒಮ್ಮೆಗೇ ಕಟ್ಟಬೇಕು. ಇದರ ದರ ಸರ್ಕಾರ ಗೊತ್ತುಮಾಡಿದ್ದು. 2022ರ ಜೂನ್ 1ರಿಂದ ಬಂದ ದರದಂತೆ 1000 ಸಿಸಿ ಮೀರದ ಹೊಸ ಕಾರಿಗೆ 3 ವರ್ಷಕ್ಕೆ 6,521 ರೂ., ಮೇಲೆ ಜಿಎಸ್‌ಟಿ. ಇಲ್ಲಿ ಚೌಕಾಸಿಗೆ ಜಾಗವಿಲ್ಲ. ಚೌಕಾಸಿ ಇರುವುದು ನಮ್ಮದೇ ಗಾಡಿಯ ಹಾನಿಯ ವಿಮೆಯಲ್ಲಿ ಮತ್ತು ಅದಕ್ಕೆ ಜೋಡಿಸುವ ಆಡ್-ಆನ್‌ಗಳಲ್ಲಿ. ಶೋರೂಮಿಗೆ ಇದರಲ್ಲಿ ಪಾಲಿದೆ, ಆದ್ದರಿಂದಲೇ ಒತ್ತಾಯ. ವಿಮೆಯನ್ನು ಎಲ್ಲಿಂದ ಬೇಕಾದರೂ ಕೊಳ್ಳುವುದು ಗ್ರಾಹಕನ ಆಯ್ಕೆ. ಅದೇ ಮೊತ್ತದ, ಅದೇ ಆಡ್-ಆನ್ ಇರುವ ಪಾಲಿಸಿಗೆ ಹೊರಗೆ ವಿಚಾರಿಸಿದಾಗ 26,200 ಹೇಳಿದರು. ಹೋಲಿಸುವಾಗ ಒಂದು ಎಚ್ಚರ: ಐಡಿವಿ ಎಂದು ಬರೆದ ಮೊತ್ತ ಎರಡರಲ್ಲೂ ಒಂದೇ ಇರಬೇಕು. ಐಡಿವಿ ಇಳಿಸಿ ಕಂತು ಕಡಿಮೆ ತೋರಿಸುವುದು ಸುಲಭ. ಗಾಡಿ ಕಳುವಾದಾಗ ಮಾತ್ರ ಅದು ಗೊತ್ತಾಗುತ್ತದೆ.

ಕಿಟ್ ಎಂದರೆ ನೆಲಹಾಸು, ಮಡ್ ಫ್ಲಾಪ್, ಸೀಟ್ ಕವರ್, ಒಂದು ಸುಗಂಧದ ಡಬ್ಬಿ. ಹೆಸರಿನಲ್ಲಿ 'ಎಸೆನ್ಷಿಯಲ್' ಇದ್ದರೂ ಕಡ್ಡಾಯವಲ್ಲ. ಹೆಚ್ಚುವರಿ ವಾರಂಟಿ ಮೋಸವೇನಲ್ಲ, ಬೇಕಾದವರು ಕೊಳ್ಳಬಹುದು. ಅದನ್ನು ಕೇಳದೆ ಪಟ್ಟಿಗೆ ಸೇರಿಸಿದ್ದು ಮಾತ್ರ ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಸಾಲದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮಾಮು ಪೂರ್ತಿ ಹಣ ಕೊಡುತ್ತೇವೆ ಎಂದಾಗ ಸೇಲ್ಸ್‌ನವರ ಮುಖ ಅರಳುತ್ತದೆ ಎಂದುಕೊಂಡಿದ್ದೆವು. ಅರಳಲಿಲ್ಲ. "ಲೋನ್ ಮಾಡಿಸಿ ಭಾಯ್, ಇನ್ನೂ ಹತ್ತು ಸಾವಿರ ಕಡಿಮೆ ಮಾಡಿಸ್ತೀನಿ" ಎಂದರು. ಕಾರಣ ಸರಳ. ಕಾರು ಮಾರಿದ್ದರಲ್ಲಿ ಡೀಲರಿಗೆ ಉಳಿಯುವುದು ಸ್ವಲ್ಪ; ಸಾಲ ಕೊಡಿಸಿದರೆ ಸಾಲ ಸಂಸ್ಥೆಯಿಂದ ಕಮಿಷನ್ ಬರುತ್ತದೆ. ಆ ಹತ್ತು ಸಾವಿರ ಯಾರ ಜೇಬಿನಿಂದ ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಸ್ಕೂಟರ್ ಸಾಲದಲ್ಲಿ ಇದು ಇನ್ನೂ ಸ್ಪಷ್ಟ. 80,000 ರೂ. ಸಾಲ, 2 ವರ್ಷ, 'ಫ್ಲಾಟ್ 10%'. ಬಡ್ಡಿ ವರ್ಷಕ್ಕೆ 8,000ದಂತೆ 16,000. ತಿಂಗಳ ಕಂತು 4,000. ಕೇಳಲು 10% ಆದರೂ ಪ್ರತಿ ತಿಂಗಳೂ ಅಸಲು ಕರಗುತ್ತಿರುವಾಗ ಬಡ್ಡಿ ಮಾತ್ರ ಮೊದಲಿನ 80,000ಕ್ಕೇ ನಡೆಯುತ್ತದೆ. ಇಳಿಯುವ ಅಸಲಿನ ಮೇಲೆ ನೋಡಿದರೆ ಇದು ಸುಮಾರು 18%. ನಿಜವಾದ 10% ಆಗಿದ್ದರೆ ಕಂತು ಸುಮಾರು 3,690, ಒಟ್ಟು ಬಡ್ಡಿ ಸುಮಾರು 8,600 ಇರುತ್ತಿತ್ತು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಸಾಲಗಳಿಗೆ ಮುಖ್ಯ ವಿವರಗಳ ಪತ್ರ ಕೊಡಬೇಕು, ಅದರಲ್ಲಿ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಬರೆದಿರಬೇಕು. ಸಾಲ ತೆಗೆಯುವ ಗೆಳೆಯರು ಸಹಿಗೆ ಮೊದಲು ಆ ಪತ್ರ ಕೇಳಿ. ನಮ್ಮ ಅಬ್ಬಾ ಈ ಲೆಕ್ಕ ನೋಡಿ ಮುರಾಬಹಾ ಎಂಬ ಪದ್ಧತಿಯನ್ನು ನೆನಪಿಸಿದರು. ಅದರಲ್ಲಿ ಮಾರುವವನು ತನಗೆ ಬಿದ್ದ ಬೆಲೆ ಇಷ್ಟು, ನನ್ನ ಲಾಭ ಇಷ್ಟು ಎಂದು ಮೊದಲೇ ಬಿಚ್ಚಿ ಹೇಳಬೇಕು. ಶೋರೂಮಿನಲ್ಲಿ ಹಾಗೆ ಹೇಳುವವರು ನಮಗೆ ಸಿಗಲಿಲ್ಲ ಬಿಡಿ.

ಪೂರ್ತಿ ಹಣ ಎಂದರೆ ನೋಟಿನ ಕಟ್ಟು ಎಂದು ತಿಳಿಯಬೇಡಿ. ಆದಾಯ ತೆರಿಗೆ ಕಾನೂನಿನಲ್ಲಿ 2017ರ ಏಪ್ರಿಲ್ 1ರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ, ದಂಡ ಪಡೆದವನಿಗೆ. ಮಾಮು ಬ್ಯಾಂಕಿನಿಂದಲೇ ಕಳಿಸಿದರು. 10 ಲಕ್ಷ ಮೀರಿದ ಕಾರಾದರೆ 1% ಟಿಸಿಎಸ್ ಕೂಡ ವಸೂಲಾಗುತ್ತದೆ. ಅದು ಖರ್ಚಲ್ಲ, ರಿಟರ್ನ್ ಸಲ್ಲಿಸುವಾಗ ನಮ್ಮ ತೆರಿಗೆಗೆ ಜಮೆಯಾಗುತ್ತದೆ.

ಎರಡನೇ ಊರಿನ, ಅದೇ ಕಂಪನಿಯ ಇನ್ನೊಂದು ಶೋರೂಮಿನಲ್ಲಿ ಸಾಲು ಸಾಲಾಗಿ ಬರೆದ, ಸೀಲು ಹಾಕಿದ ಕೊಟೇಶನ್ ಕೇಳಿದೆವು. ಹೊಳಲ್ಕೆರೆಯವರು ದಾವಣಗೆರೆಗೆ, ಹಿರಿಯೂರಿನವರು ತುಮಕೂರಿಗೆ ಹೋಗಿ ವಿಚಾರಿಸುವುದು ಇದಕ್ಕೇ. ಎಲ್ಲಿ ಕೊಂಡರೂ ಲೈಫ್ ಟ್ಯಾಕ್ಸ್ ರಾಜ್ಯಕ್ಕೆಲ್ಲ ಒಂದೇ, ನಂಬರು ನಮ್ಮ ಕೆಎ-16 ಆಗಿಯೇ ಬರಬಹುದು. ಅಲ್ಲಿ ಹ್ಯಾಂಡ್ಲಿಂಗ್ ತೆಗೆದರು. ಆರ್‌ಟಿಒ ರಸೀದಿಯಂತೆ 93,500. ಕಿಟ್, ವಾರಂಟಿ ಬೇಡವೆಂದೆವು. ಆದರೆ ವಿಮೆ ಹೊರಗೆ ಮಾಡಿಸಿದರೆ ರಿಯಾಯಿತಿ 15,000 ಅಲ್ಲ, 8,000 ಎಂದರು. ಅಂತಿಮ ಮೊತ್ತ 7,02,300. ಮೊದಲ ಕೊಟೇಶನ್ನಿಗಿಂತ 41,100 ಕಡಿಮೆ.

ಈ 41,100ನ್ನು ಬಿಡಿಸಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ವಿಮೆಯಲ್ಲಿ 7,800 ಉಳಿಸಿ ರಿಯಾಯಿತಿಯಲ್ಲಿ 7,000 ಕಳೆದುಕೊಂಡೆವು, ನಿವ್ವಳ ಲಾಭ ಬರೀ 800! ಅಷ್ಟು ಹೊತ್ತು ವಾದಿಸಿದ್ದು ಅದೊಂದೇ ಸಾಲಿನ ಮೇಲೆ. ಕಿಟ್ ಮತ್ತು ವಾರಂಟಿಯ 24,300 ಬೇಡವಾದ ವಸ್ತು ಕೊಳ್ಳದೆ ಉಳಿದದ್ದು. ನೆಲಹಾಸನ್ನು ಆಮೇಲೆ ಚಿತ್ರದುರ್ಗದಲ್ಲೇ 1,800ಕ್ಕೆ ತಂದರು. ಏನೂ ಕೊಡದೆ ಕೇಳಿದ ಹಣ ಎಂದರೆ ಹ್ಯಾಂಡ್ಲಿಂಗ್ ಮತ್ತು ಆರ್‌ಟಿಒ ಸಾಲಿನ 16,000. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ ರಿಯಾಯಿತಿಗಿಂತ ಇದೇ ದೊಡ್ಡದು.

ರಿಯಾಯಿತಿ ಯಾಕೆ ಎಲ್ಲ ಕಡೆ ಒಂದೇ ತರಹ ಎಂಬುದಕ್ಕೂ ಒಂದು ಪ್ರಕರಣವಿದೆ. 2021ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂ. ದಂಡ ಹಾಕಿತು. ಕಂಪನಿ ಗೊತ್ತುಮಾಡಿದ ಮಿತಿಗಿಂತ ಹೆಚ್ಚು ರಿಯಾಯಿತಿ ಕೊಡದಂತೆ ಡೀಲರುಗಳನ್ನು ತಡೆದಿತ್ತು, ಗ್ರಾಹಕರ ವೇಷದಲ್ಲಿ ಜನರನ್ನು ಕಳಿಸಿ ಪರೀಕ್ಷಿಸುತ್ತಿತ್ತು, ಮೀರಿದವರಿಗೆ ದಂಡ ಹಾಕುತ್ತಿತ್ತು ಎಂದು ಆಯೋಗ ಕಂಡುಕೊಂಡಿತು. ಸ್ಪರ್ಧಾ ಕಾಯ್ದೆ, 2002ರಲ್ಲಿ ಇದಕ್ಕೆ ಮರುಮಾರಾಟ ಬೆಲೆಯ ನಿಯಂತ್ರಣ ಎನ್ನುತ್ತಾರೆ. ಕಂಪನಿ ಮೇಲ್ಮನವಿಗೆ ಹೋಯಿತು. 2017ರಲ್ಲಿ ಹ್ಯುಂಡೈಗೆ ಇಂಥದೇ ಕಾರಣಕ್ಕೆ ಹಾಕಿದ್ದ 87 ಕೋಟಿ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ ಮರುವರ್ಷ ರದ್ದು ಮಾಡಿತ್ತು ಎಂಬುದನ್ನೂ ಹೇಳಬೇಕು. ಇದನ್ನು ಓದಿದ ಮೇಲೆ ಸೇಲ್ಸ್‌ನವರ "ನಮ್ಮ ಕೈಲಿ ಇಲ್ಲ ಸಾರ್" ಎಂಬ ಮಾತು ಕೆಲವೊಮ್ಮೆ ನಿಜವೂ ಇರಬಹುದು ಎನಿಸಿತು.

ಡಿಸೆಂಬರಿನಲ್ಲಿ ರಿಯಾಯಿತಿ ಹೆಚ್ಚುವುದಕ್ಕೆ ಕಾರಣ ಬೇರೆ. ಜನವರಿ ಬಂದರೆ ಅದೇ ಗಾಡಿ 'ಹೋದ ವರ್ಷದ್ದು' ಆಗುತ್ತದೆ, ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ. ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲಿ ಬರುತ್ತದೆ. ಹಣ ಕಟ್ಟುವ ಮೊದಲೇ ಕೇಳಿ ಬರೆಸಿಕೊಳ್ಳಿ.

ದ್ವಿಚಕ್ರ ವಾಹನ ಕೊಳ್ಳುವವರಿಗೆ ಒಂದು ಮಾತು: ಕೇಂದ್ರ ಮೋಟಾರು ವಾಹನ ನಿಯಮ 138ರಂತೆ ಹೊಸ ಗಾಡಿಯ ಜೊತೆ ತಯಾರಕರು ಐಎಸ್‌ಐ ಗುಣಮಟ್ಟದ ಒಂದು ಹೆಲ್ಮೆಟ್ ಕೊಡಬೇಕು. ಅದಕ್ಕೆ ಬೇರೆ ಬಿಲ್ ಹಾಕಿದರೆ ನಿಯಮ ತೋರಿಸಿ.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರಾಚೆ ಚಿತ್ರದುರ್ಗದಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಅಲ್ಲಿಗೇ ದೂರು. 5 ಲಕ್ಷದವರೆಗೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂ. ಎರಡು ವರ್ಷದೊಳಗೆ ಸಲ್ಲಿಸಬೇಕು, ವಕೀಲರು ಕಡ್ಡಾಯವಲ್ಲ. ಬಾಯಿಮಾತಿನ ಬೆಲೆಗೆ ಅಲ್ಲಿ ಸಾಕ್ಷಿ ಇರುವುದಿಲ್ಲ, ಕೊಟೇಶನ್ ಮತ್ತು ರಸೀದಿ ಎರಡೂ ಬೇಕು.

ನಮ್ಮ ವಾಣಿಜ್ಯ ವಿಭಾಗದಲ್ಲಿ ಈಗ ನಾಲ್ಕು ತಾಲ್ಲೂಕಿನ ಕೊಟೇಶನ್‌ಗಳನ್ನು ಸೇರಿಸಿ ಹೋಲಿಸುವ ಕೆಲಸ ಶುರು ಮಾಡಿದ್ದೇವೆ. ನಿಮ್ಮ ಮನೆಯಲ್ಲಿ ಈ ವರ್ಷ ಕಾರು, ಸ್ಕೂಟರ್, ಗೂಡ್ಸ್ ಆಟೋ ಏನೇ ಕೊಂಡಿದ್ದರೂ ಕೊಟೇಶನ್ ಮತ್ತು ಆರ್‌ಟಿಒ ರಸೀದಿಯ ನಕಲನ್ನು ಹೆಸರು, ಫೋನ್ ನಂಬರ್ ಮುಚ್ಚಿ ತಂದುಕೊಡಿ. ಹಿರಿಯೂರಿನಿಂದ ಇದುವರೆಗೆ ಒಂದೂ ಬಂದಿಲ್ಲ.