ತೂಕ ಇಳಿಯುವವರೆಗೆ ಬಿಪಿ ಕಾಯುವುದಿಲ್ಲ, ಮಗಾ

ಪ್ರೀತಿಯ ಮಗಾ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ನನ್ನ ನಿದ್ದೆ ಕೆಡಿಸಿದೆ. "ಮೊದಲು ಹದಿನೈದು ಕಿಲೋ ಇಳಿಸ್ತೇನೆ ಚಿಕ್ಕಯ್ಯ, ಗುಳಿಗೆ ವಿಚಾರ ಆಮೇಲೆ ನೋಡುವ" ಎಂದೆಯಲ್ಲ, ಹೆಚ್ಚುಕಡಿಮೆ ಇದೇ ಮಾತನ್ನು ಇದೇ ಡೊಂಬಿವಲಿಯಲ್ಲಿ ನಿನ್ನ ಅಪ್ಪಯ್ಯನ ಬಾಯಿಂದ ಕೇಳಿದವನು ನಾನು. ಮನೆಯೊಳಗಿನ ವಿಷಯವನ್ನು ಪತ್ರಿಕೆಗೆ ಬರೆಯುವುದು ಸರಿಯೇ ಎಂದು ನಿನ್ನ ಅಮ್ಮ ಕೇಳಿದರು. ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ರಾತ್ರಿ ಪಾಳಿಗೆ ಹೋಗುವ ನಮ್ಮವರ ಮಕ್ಕಳು ನೀನೊಬ್ಬನೇ ಅಲ್ಲ. ಅವರೂ ಓದಲಿ. ನಿನ್ನ ಹೆಸರು ಬರೆದಿಲ್ಲ.

ನಿನಗೆ ನೆನಪಿರುವುದು ಎಡಗೈಯಲ್ಲಿ ಉಣ್ಣುತ್ತಿದ್ದ, ನಿನ್ನ ಹೆಸರು ಹೇಳಲು ಒದ್ದಾಡುತ್ತಿದ್ದ ಅಪ್ಪಯ್ಯ. ನನಗೆ ನೆನಪಿರುವ ಅಣ್ಣಯ್ಯನೇ ಬೇರೆ. ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವರು. ಹಗಲಿಡೀ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದರು. ಬಟಾಟೆ ಮೂಟೆ ಹೊತ್ತು ಮೂರು ಮಾಳಿಗೆ ಹತ್ತುತ್ತಿದ್ದ ಆ ಕಾಲದಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ರಜೆಯಲ್ಲಿ ಊರಿಗೆ ಹೋದರೆ ನಮ್ಮ ಅಮ್ಮ ಅತ್ತುಬಿಡುತ್ತಿದ್ದರು.

ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನು ಹಿಡಿದ ಮೇಲೆ ದೇಹ ಬದಲಾಯಿತು. ಗಲ್ಲೆಯ ಹಿಂದೆ ಕೂತೇ ದಿನ ಕಳೆಯುತ್ತಿತ್ತು. ಬೆಳಗಿನ ಪಾಳಿಯವರು ತಿಂದು ಉಳಿದ ವಡೆಯೇ ನಾಸ್ಟಾ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ. ರಾತ್ರಿ ಹನ್ನೊಂದರ ಮೇಲೆ ಮನೆಗೆ ಬಂದು ಕುಚ್ಚಲಕ್ಕಿ ಅನ್ನ, ಒಣಮೀನು ಚಟ್ನಿ, ಹಪ್ಪಳ, ಉಪ್ಪಿನಕಾಯಿ. ನಡುವೆ ಎಷ್ಟು ಕಟಿಂಗ್ ಚಹಾ ಎಂಬುದಕ್ಕೆ ಲೆಕ್ಕವಿರಲಿಲ್ಲ. ಹೊಟ್ಟೆ ಬಂತು. ಊರಿನವರಿಗೆ ಸಂತೋಷವೋ ಸಂತೋಷ. ಹೊಟ್ಟೆ ಬಂದರೆ ಮನುಷ್ಯ ಗೆದ್ದ ಎಂದು ಲೆಕ್ಕ ಹಾಕುತ್ತಿದ್ದ ಕಾಲವದು. ಹಸಿವು ಕಂಡ ಮನೆಯವರು ನಾವು, ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗುವುದಿಲ್ಲ.

1995ರಲ್ಲಿ ಡಾಕ್ಟರು ಬಿಪಿ ನೋಡಿ ಗುಳಿಗೆ ಬರೆದರು. ಅಣ್ಣಯ್ಯ ಒಂದು ತಿಂಗಳು ನುಂಗಿದರು. ತಲೆನೋವಿಲ್ಲ, ತಲೆಸುತ್ತಿಲ್ಲ, ಮತ್ತೆ ಯಾಕೆ ಎಂದು ಬಿಟ್ಟರು. "ಒಮ್ಮೆ ಶುರು ಮಾಡಿದರೆ ಸಾಯುವವರೆಗೆ ಬಿಡುವ ಹಾಗಿಲ್ಲ. ಹೊಟ್ಟೆ ಕರಗಿಸಿದರೆ ಎಲ್ಲ ತಾನಾಗಿ ಸರಿಯಾಗ್ತದೆ" ಎಂದರು. ಮಾತಿಗೆ ತಪ್ಪಿದವರಲ್ಲ. ಬೆಳಿಗ್ಗೆ ಎದ್ದು ಫಡ್ಕೆ ರೋಡಿನಲ್ಲಿ ಗಣೇಶ ಮಂದಿರದವರೆಗೆ ನಡೆದರು, ಸಿಹಿ ಬಿಟ್ಟರು, ಪ್ಯಾಂಟು ಸಡಿಲವಾಯಿತು. ನಾವೆಲ್ಲ ಹೊಗಳಿದೆವು. ಆ ತಿಂಗಳುಗಳಲ್ಲಿ ಬಿಪಿಯನ್ನು ಮಾತ್ರ ಯಾರೂ ಅಳೆಯಲಿಲ್ಲ.

ಆ ಮಳೆಗಾಲದ ಒಂದು ಬೆಳಗಿನ ಜಾವ ಕ್ಯಾಂಟೀನಿನ ಶಟರ್ ಎತ್ತಲು ಹೋದಾಗ ಬಲಗೈ ಏಳಲಿಲ್ಲ, ಬಾಯಿ ಒಂದು ಕಡೆಗೆ ಎಳೆಯಿತು. ಹುಡುಗರು ಪಿತ್ತ ಎಂದುಕೊಂಡು ಲಿಂಬೆ ಶರಬತ್ತು ಕುಡಿಸಿ, ಎಣ್ಣೆ ತಿಕ್ಕಿ, ಮಲಗಿಸಿದರು. ನನಗೆ ಸುದ್ದಿ ಬರುವಾಗ ಮಧ್ಯಾಹ್ನ. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಎಷ್ಟೋ ವರ್ಷಗಳ ನಂತರ ಓದಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಸ್ಟ್ರೋಕಿಗೆ ಉಪಯೋಗಕ್ಕೆ ಬರುತ್ತದೆಂದು ಅಮೆರಿಕದಲ್ಲಿ ಪ್ರಕಟವಾದದ್ದು ಅದೇ 1995ರ ಡಿಸೆಂಬರಿನಲ್ಲಿ. ನಮಗೆ ಅದು ಸಿಗುವ ಮಾತೇ ಇರಲಿಲ್ಲ. ನಾಲ್ಕು ವರ್ಷದ ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅತ್ತಿಗೆ ಆ ಗಲ್ಲೆಯ ಮೇಲೆ ಕೂತರು. ಉಳಿದದ್ದು ನಿನಗೆ ಗೊತ್ತಿದೆ.

ಈಗ ನಿನ್ನ ಪಕ್ಷದ ಮಾತು. ತೂಕ ಇಳಿಸಬೇಕು ಎನ್ನುವುದು ನೂರಕ್ಕೆ ನೂರು ಸರಿ. ಒಂದು ಕಿಲೋ ಇಳಿದರೆ ಬಿಪಿ ಸರಾಸರಿ ಒಂದು ಅಂಕ ಇಳಿಯುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ತೂಕ ಇಳಿದ ಮೇಲೆ ಡಾಕ್ಟರೇ ಗುಳಿಗೆ ಕಡಿಮೆ ಮಾಡಿದವರೂ ಇದ್ದಾರೆ. ನೀನು ಕೇಳಿದ, ತೂಕ ಇಳಿಸುವ ವಾರಕ್ಕೊಮ್ಮೆಯ ಚುಚ್ಚುಮದ್ದೂ ಈಗ ನಮ್ಮಲ್ಲಿ ಸಿಗುತ್ತದೆ. ಬೇಕೋ ಬೇಡವೋ ಎಂದು ಡಾಕ್ಟರು ಹೇಳಲಿ, ಇನ್‌ಸ್ಟಾಗ್ರಾಂ ಅಲ್ಲ.

ಆದರೆ ಈ ಕೊಬ್ಬು ಮಿದುಳಿಗೆ ಯಾವ ದಾರಿಯಿಂದ ಕೆಡುಕು ಮಾಡುತ್ತದೆ ಎಂದು ತಿಳಿದುಕೋ. ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಅದರಿಂದಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ. ಮೂತ್ರಪಿಂಡ ಉಪ್ಪನ್ನು ಹೊರಹಾಕದೆ ಹಿಡಿದಿಡುತ್ತದೆ, ರಕ್ತದ ಒತ್ತಡ ಹೆಚ್ಚುತ್ತದೆ. ಮಿದುಳಿನ ಆಳಕ್ಕೆ ಹೋಗುವ ಕೂದಲಿನಂಥ ನಾಳಗಳು ಆ ಒತ್ತಡಕ್ಕೆ ದಪ್ಪಗಾಗಿ ಮುಚ್ಚುತ್ತವೆ, ಇಲ್ಲವೇ ಒಡೆಯುತ್ತವೆ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 18 ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದ ಲೆಕ್ಕ ಬಂತು. ಹೆಚ್ಚಿನ ತೂಕದಿಂದ ಬರುವ ಸ್ಟ್ರೋಕಿನ ಅಪಾಯದಲ್ಲಿ ಮುಕ್ಕಾಲು ಪಾಲು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಎಂಬ ಮೂರರ ಮೂಲಕವೇ ಬರುತ್ತದೆ. ಬಿಪಿ ಒಂದರ ಪಾಲೇ ಶೇ. 65. ಅರ್ಥವಾಯಿತಲ್ಲ? ತೂಕ ಇಳಿಯಲು ವರ್ಷ ಹಿಡಿಯಬಹುದು, ಆದರೆ ಅದು ಕೆಡುಕು ಮಾಡುವ ದೊಡ್ಡ ದಾರಿಯನ್ನು ಇವತ್ತೇ ಕಟ್ಟಬಹುದು. ಮೇಲಿನ ಅಂಕ ಹತ್ತು ಇಳಿದರೆ ಸ್ಟ್ರೋಕಿನ ಸಂಭವ ಕಾಲು ಪಾಲಿಗಿಂತ ತುಸು ಹೆಚ್ಚೇ ಕಡಿಮೆಯಾಗುತ್ತದೆ. ಡಾಕ್ಟರು ಎರಡು ಸಲ ಅಳೆದರೂ 158/102 ಬಂದ ಮೇಲೆ ನೀನು ಯಾವುದಕ್ಕೆ ಕಾಯುತ್ತಿದ್ದೀ?

"ನಾನೇನು ಅಷ್ಟು ದಪ್ಪ ಇಲ್ಲ, ಬಿಎಂಐ 27 ಅಷ್ಟೇ" ಎಂದೆ. ಆ ಲೆಕ್ಕ ಬಿಳಿಯರ ಮೈಗೆ ಮಾಡಿದ್ದು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ 2004ರಲ್ಲಿ ತನ್ನದೂ ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರದೂ ಫೋಟೊ ಪಕ್ಕಪಕ್ಕ ಇಟ್ಟು ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಅದಕ್ಕೇ ನಮ್ಮವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಗಂಡಸಿನ ಸೊಂಟ 90 ಸೆಂಟಿಮೀಟರ್ ದಾಟಬಾರದು, ಹೆಂಗಸಿನದು 80. ನಿನ್ನದು 102.

ಇನ್ನೊಂದು ಮಾತು ಕಟುವಾಗಿಯೇ ಹೇಳುತ್ತೇನೆ. ಮೂರು ವರ್ಷದ ಮಗಳಿದ್ದಾಳೆ ನಿನಗೆ. ಎಲ್‌ಐಸಿ ಮಾಡಿಸಿದ್ದೀ, ಪಲಾವಾದ ಮನೆಗೆ ಇಪ್ಪತ್ತು ವರ್ಷದ ಕಂತು ಬರೆದುಕೊಟ್ಟಿದ್ದೀ, ದಿನಕ್ಕೆ ಒಂದು ಗುಳಿಗೆ ಎಂದರೆ ಮಾತ್ರ ಮುದುಕನಾದೆ ಎಂದು ನಾಚಿಕೆ. ಯಾರ ಎದುರು ನಾಚಿಕೆ? ಆಫೀಸಿನವರು ನಿನ್ನ ಬಾಯಿಗೆ ಗಂಜಿ ಹಾಕಲು ಬರುವುದಿಲ್ಲ. ನಿನ್ನ ಅಮ್ಮ ಆ ಕೆಲಸ ಒಮ್ಮೆ ಮಾಡಿದ್ದಾರೆ, ಇನ್ನೊಮ್ಮೆ ಮಾಡುವ ಶಕ್ತಿ ಅವರಲ್ಲಿಲ್ಲ.

ಹೆಚ್ಚಾಯಿತೇನೋ. ರಾತ್ರಿ ಎರಡು ಗಂಟೆಗೆ ಹಸಿವಾದಾಗ ಐರೋಲಿಯ ಗೇಟಿನಾಚೆ ವಡಾಪಾವ್ ಬಿಟ್ಟು ಬೇರೇನು ಸಿಗುತ್ತದೆ, ಬೆಳಿಗ್ಗೆ ಗಾಡಿಯಲ್ಲಿ ನಿಂತು ಬಂದವನಿಗೆ ನಡೆಯಲು ಕಾಲಿನಲ್ಲಿ ಏನು ಉಳಿದಿರುತ್ತದೆ ಎಂಬುದು ನನಗೆ ಗೊತ್ತು. ಪಾಳಿ ಬಿಡು ಎಂದು ಹೇಳುವ ಅಧಿಕಾರ ನನಗಿಲ್ಲ. ನಿನ್ನ ಮೈ ಸೋಮಾರಿಯದ್ದು ಎಂದು ಯಾರಾದರೂ ಅಂದರೆ ಅವರೊಡನೆ ಜಗಳಕ್ಕೆ ನಾನೇ ಮೊದಲು ನಿಲ್ಲುತ್ತೇನೆ. ಡಬ್ಬಿಯಲ್ಲಿ ಒಂದಿಷ್ಟು ಹೆಸರುಕಾಳು ಉಸಲಿ, ಎರಡು ಚಪಾತಿ ಹೋಗಲಿ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕು ಎನ್ನುತ್ತಾರೆ, ಅಂದರೆ ಒಂದು ಚಹಾ ಚಮಚ. ಮನೆಯ ಉಪ್ಪಿನಕಾಯಿ ಭರಣಿಯನ್ನು ಅತ್ತಿಗೆಯೇ ಕಪಾಟಿನಲ್ಲಿಡಲು ಒಪ್ಪಿದ್ದಾರೆ.

ಮನೆಯವರೆಲ್ಲರಿಗೂ ಇನ್ನೊಂದು ವಿಷಯ ಹೇಳಿಡು. ಯಾರದೇ ಬಾಯಿ ಓರೆಯಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಎಣ್ಣೆ ಬೇಡ, ಶರಬತ್ತು ಬೇಡ, ಮಲಗಿಸುವುದೂ ಬೇಡ. ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು, ಮಾನ್ಪಾಡಾ ರಸ್ತೆಯ ಟ್ರಾಫಿಕ್ಕು ಅದರಲ್ಲೇ ಸೇರಿತು. ಹತ್ತಿರದಲ್ಲಿ ಅಂಥದ್ದು ಯಾವುದಿದೆ ಎಂದು ಈಗಲೇ ವಿಚಾರಿಸಿ ಫ್ರಿಜ್ಜಿನ ಮೇಲೆ ಬರೆದು ಅಂಟಿಸು.

ಈ ಭಾನುವಾರ ನಿನಗೆ ರಜೆ. ಡಾಕ್ಟರ ಚೀಟಿ ತೆಗೆದುಕೊಂಡು ಮನೆಗೆ ಬಾ, ಗುಳಿಗೆ ನಾನೇ ತಂದಿಡುತ್ತೇನೆ. ಬಿಪಿ ಯಂತ್ರ ನನ್ನಲ್ಲಿದೆ, ಅಳೆಯುವುದು ಹೇಗೆಂದು ಕಲಿಸಿ ನಿನಗೇ ಕೊಟ್ಟುಬಿಡುತ್ತೇನೆ. ಬರುವಾಗ ಹೆಂಡತಿಯನ್ನೂ ಕರೆದುಕೊಂಡು ಬಾ. ಮಲಗಿದಾಗ ನಿನ್ನ ಗೊರಕೆ ನಡುವೆ ನಿಂತು ಉಸಿರು ಕಟ್ಟಿದ ಹಾಗಾಗುತ್ತದೆ ಎಂದು ಅವಳು ಅತ್ತಿಗೆಯ ಹತ್ತಿರ ಹೇಳಿದ್ದಾಳಂತೆ. ಅದೂ ಬಿಪಿ ಏರಿಸುತ್ತದೆ. ಡಾಕ್ಟರ ಮುಂದೆ ಅದನ್ನು ಅವಳೇ ಹೇಳಲಿ, ನೀನು ಹೇಳುವುದಿಲ್ಲ.

ನಿನ್ನ ಚಿಕ್ಕಯ್ಯ
ಡೊಂಬಿವಲಿ ಪೂರ್ವ